ಎಚ್‌ಐವಿ ಇರುವವರು ಬೀಡಿ, ಸಿಗರೇಟು ಬಿಡಲು ಮೊಬೈಲ್ ಆ್ಯಪ್: ಹಾಸನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯಿಂದ ಎಆರ್‌ಟಿ (ಎಚ್‌ಐವಿ ವೈರಸ್ ತಡೆಯುವ ಚಿಕಿತ್ಸೆ) ಮಾತ್ರೆಗೆ ಬರುವವರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪಕ್ಕದ ಚಿಕ್ಕಮಗಳೂರಿನವರಿಗೂ ಹೆಚ್ಚು ಕಡಿಮೆ ಇದೇ ಉತ್ತರ. ನಾನು ಡಾಕ್ಟರಲ್ಲ, ಎಚ್‌ಐವಿ ಜೊತೆ ಬದುಕುತ್ತಿರುವವರ ಒಡನಾಟದಲ್ಲಿ ಇರುವವನು. ಔಷಧಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಎಆರ್‌ಟಿ ಡಾಕ್ಟರದ್ದೇ.

ಎಚ್‌ಐವಿಯೇ ಬಂದಿದೆ. ಇನ್ನು ಬೀಡಿ ಬಿಟ್ಟು ಏನಾಗಬೇಕು?

ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. "ನಾನು ಹೇಗಿದ್ದರೂ ಜಾಸ್ತಿ ದಿನ ಇರುವವನಲ್ಲ" ಅನ್ನುವ ಹಳೆಯ ಹೆದರಿಕೆ ಇದರೊಳಗೆ ಕೂತಿರುತ್ತದೆ. ಆ ಕಾಲ ಹೋಯಿತು. ನಮ್ಮ ದೇಶದಲ್ಲಿ ಸರ್ಕಾರ 2004ರಲ್ಲಿ ಉಚಿತ ಎಆರ್‌ಟಿ ಶುರು ಮಾಡಿತು. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ ಸಿಗುತ್ತದೆ. ಈಗ ಹೆಚ್ಚಿನವರು ನುಂಗುವುದು ದಿನಕ್ಕೆ ಒಂದೇ ಟಿಎಲ್‌ಡಿ ಮಾತ್ರೆ, ಅಂದರೆ ಮೂರು ಔಷಧಿ ಸೇರಿದ ಒಂದು ಮಾತ್ರೆ. ಅದನ್ನು ತಪ್ಪದೆ ತಗೊಂಡವರು ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ.

ಹಾಗಾದರೆ ಈಗ ಆಯಸ್ಸು ತಿನ್ನುತ್ತಿರುವುದು ಯಾವುದು? ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಹೊರಬಂದ ಅಧ್ಯಯನ ಇದನ್ನೇ ಲೆಕ್ಕ ಹಾಕಿತು. ಎಚ್‌ಐವಿ ಇದ್ದು, ಚಿಕಿತ್ಸೆಯನ್ನೂ ಪಡೆಯುತ್ತಾ ಸಿಗರೇಟು ಸೇದುವವರು ಎಚ್‌ಐವಿಯಿಂದ ಸುಮಾರು 5 ವರ್ಷ ಕಳೆದುಕೊಳ್ಳುತ್ತಿದ್ದರು. ಸಿಗರೇಟಿನಿಂದ ಸುಮಾರು 12 ವರ್ಷ. ಅಮೆರಿಕದ 2016ರ ಇನ್ನೊಂದು ಲೆಕ್ಕ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಚಿಕಿತ್ಸೆಯಲ್ಲಿರುವ 40 ವರ್ಷದ ಗಂಡಸು ಸೇದುತ್ತಲೇ ಹೋದರೆ, ಯಾವತ್ತೂ ಸೇದದವರಿಗಿಂತ 6.7 ವರ್ಷ ಕಡಿಮೆ ಬದುಕುತ್ತಾನೆ. ನಲವತ್ತಕ್ಕೆ ಬಿಟ್ಟರೆ ಅದರಲ್ಲಿ 5.7 ವರ್ಷ ವಾಪಸ್ ಸಿಗುತ್ತದೆ. ಹೋದ ಆಯಸ್ಸಿನಲ್ಲಿ ಹೆಚ್ಚಿನ ಪಾಲು ತಿರುಗಿ ಬರುತ್ತದೆ ಅಂದರೆ ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು?

ಮಾತ್ರೆ ಸರಿಯಾಗಿ ತಗೊಳ್ತೀನಿ, ವೈರಲ್ ಲೋಡ್ ಕಾಣಿಸುವುದೇ ಇಲ್ಲ ಅಂತ ರಿಪೋರ್ಟ್ ಬಂದಿದೆ. ಆದರೂ ತೊಂದರೆಯಾ?

ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಕಾಣಿಸದಿರುವುದು ಬಹಳ ಒಳ್ಳೆಯ ಸುದ್ದಿ. ಅದು ಹಾಗೇ ಮುಂದುವರಿದರೆ ಲೈಂಗಿಕ ಸಂಪರ್ಕದಿಂದ ನಿಮ್ಮಿಂದ ಇನ್ನೊಬ್ಬರಿಗೆ ವೈರಸ್ ಹರಡುವುದಿಲ್ಲ. ಆದರೆ ಮಾತ್ರೆ ತಡೆಯುವುದು ವೈರಸ್ಸನ್ನು, ಹೊಗೆಯನ್ನಲ್ಲ. ವೈರಸ್ ಅಡಗಿದ್ದರೂ ದೇಹದಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿದಿರುತ್ತದೆ. ರಕ್ತನಾಳ, ಹೃದಯ, ಶ್ವಾಸಕೋಶದ ಮೇಲೆ ಅದರ ಹೊರೆ ಮೊದಲೇ ಇರುತ್ತದೆ. ಹೊಗೆ ಅದರ ಮೇಲೆ ಇನ್ನಷ್ಟು ಹೇರುತ್ತದೆ. ಅಮೆರಿಕದ 2017ರ ಲೆಕ್ಕದ ಪ್ರಕಾರ, ಮಾತ್ರೆಯನ್ನು ಸರಿಯಾಗಿ ತಗೊಂಡು ಸೇದುತ್ತಲೂ ಇರುವವರು ಏಡ್ಸ್‌ನಿಂದ ಸಾಯುವುದಕ್ಕಿಂತ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಂಭವ 6ರಿಂದ 13 ಪಟ್ಟು ಜಾಸ್ತಿ.

ನಮ್ಮ ಕಡೆ ಇನ್ನೊಂದು ದೊಡ್ಡ ವಿಷಯ ಕ್ಷಯ, ಅಂದರೆ ಟಿಬಿ. ಎಚ್‌ಐವಿ ಇದ್ದರೆ ಟಿಬಿ ಬರುವ ಸಂಭವ ಜಾಸ್ತಿ. ಸೇದಿದರೆ ಅದು ಇನ್ನೂ ಏರುತ್ತದೆ. ಕೆಮ್ಮು ಬಂದರೆ "ಅಯ್ಯೋ, ಇದು ಬೀಡಿ ಕೆಮ್ಮು ಬಿಡಿ" ಅಂತ ತಿಂಗಳುಗಟ್ಟಲೆ ತಳ್ಳುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರೆಯವರಿಗೆ ಎರಡು ವಾರದ ಕೆಮ್ಮು ಅಂತ ಲೆಕ್ಕ ಇರಬಹುದು. ನಿಮಗೆ ಹಾಗಲ್ಲ. ಎಷ್ಟೇ ದಿನದ ಕೆಮ್ಮಿರಲಿ, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಯಾವುದೇ ಇರಲಿ, ಎಆರ್‌ಟಿ ಸೆಂಟರ್‌ನಲ್ಲಿ ಹೇಳಲೇಬೇಕು.

ಆ್ಯಪ್ ಅಂದರೆ ನಿಜವಾಗಿ ಏನು ಮಾಡುತ್ತದೆ?

ಬೀಡಿಯನ್ನು ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಅದು ಮಾಡುವ ಕೆಲಸ ಇಷ್ಟು: ಬಿಡುವ ದಿನವನ್ನು ಗೊತ್ತು ಮಾಡಿಸುತ್ತದೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಬೇಜಾರಿಗೆ ಸೇದುತ್ತೀರಿ ಅಂತ ಬರೆಸಿಕೊಳ್ಳುತ್ತದೆ. ಚಟ ಎಳೆಯುವ ಹೊತ್ತಿನಲ್ಲಿ ಒಂದು ಬಟನ್ ಒತ್ತಿದರೆ ಉಸಿರಾಟದ ಅಭ್ಯಾಸವನ್ನೋ, ಆಟವನ್ನೋ, ಧೈರ್ಯದ ಮಾತನ್ನೋ ಮುಂದಿಡುತ್ತದೆ. ಎಷ್ಟು ದಿನ ಆಯಿತು, ಎಷ್ಟು ದುಡ್ಡು ಉಳಿಯಿತು ಅಂತ ತೋರಿಸುತ್ತದೆ.

ದುಡ್ಡಿನ ಲೆಕ್ಕವನ್ನು ಸಣ್ಣದು ಅನ್ನಬೇಡಿ. ದಿನಕ್ಕೆ 40 ರೂಪಾಯಿ ಬೀಡಿ, ಸಿಗರೇಟಿಗೆ ಹೋಗುತ್ತಿದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,600 ರೂಪಾಯಿ. ಕೂಲಿ ಮಾಡಿ ಬದುಕುವ ಮನೆಯಲ್ಲಿ ಅದು ಮಗುವಿನ ಒಂದು ವರ್ಷದ ಓದಿನ ಖರ್ಚು.

ಆ್ಯಪ್‌ನ ನಿಜವಾದ ಬೆಲೆ ಇರುವುದು ಆ ಐದು ನಿಮಿಷದಲ್ಲಿ. ಸೇದಬೇಕು ಅನ್ನುವ ತೀವ್ರ ಎಳೆತ ಸಾಮಾನ್ಯವಾಗಿ ಕೆಲವೇ ನಿಮಿಷ ಇದ್ದು ಇಳಿಯುತ್ತದೆ. ಆಪ್ತಸಮಾಲೋಚಕರು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಸಿಗುತ್ತಾರೆ. ಫೋನು ಮಾತ್ರ ರಾತ್ರಿ ಹನ್ನೊಂದಕ್ಕೂ ಜೇಬಿನಲ್ಲೇ ಇರುತ್ತದೆ, ಅಲ್ವಾ?

ಇದರಿಂದ ಬಿಟ್ಟವರು ಇದ್ದಾರಾ? ಸುಮ್ನೆ ಜಾಹೀರಾತಾ?

ಇದ್ದಾರೆ. ಆದರೆ ಆ್ಯಪ್‌ನಿಂದ ಎಲ್ಲರೂ ಬಿಡುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಮೆರಿಕದಲ್ಲಿ ಐಕ್ಯಾನ್‌ಕ್ವಿಟ್ ಅನ್ನುವ ಆ್ಯಪ್ಪನ್ನು 2,415 ಜನರ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಹೇಳಿದರು. ಒಂದು ವರ್ಷದ ನಂತರ ಐಕ್ಯಾನ್‌ಕ್ವಿಟ್ ಬಳಸಿದವರಲ್ಲಿ 28% ಜನ ಸೇದದೆ ಇದ್ದರು. ಹೋಲಿಕೆಗೆ ಕೊಟ್ಟ ಇನ್ನೊಂದು ಆ್ಯಪ್‌ನಲ್ಲಿ 21%. ಈ ಆ್ಯಪ್‌ನ ದಾರಿ ನನಗೆ ಹಿಡಿಸಿತು. "ಚಟವನ್ನು ಓಡಿಸು" ಅನ್ನುವುದಿಲ್ಲ. ಆಸೆ ಬರಲಿ, ಬಂದದ್ದನ್ನು ಗಮನಿಸು, ಆದರೆ ಅದು ಹೇಳಿದಂತೆ ಕೇಳಬೇಡ ಅನ್ನುತ್ತದೆ. ಮೂರೂ ಹೊತ್ತು ತನ್ನ ಕಾಯಿಲೆ ಬಗ್ಗೆ ತನ್ನನ್ನೇ ಬೈದುಕೊಳ್ಳುವ ಮನಸ್ಸಿಗೆ ಇದು ಒಗ್ಗುತ್ತದೆ.

ಎಚ್‌ಐವಿ ಇರುವವರಿಗೆಂದೇ ಮಾಡಿದ ಪ್ರಯತ್ನಗಳೂ ಇವೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಪಾಸಿಟಿವ್ಲಿ ಸ್ಮೋಕ್ ಫ್ರೀ ಅನ್ನುವ ಕಾರ್ಯಕ್ರಮ ಮೊದಲು ಗುಂಪಾಗಿ ಕೂತು ಮಾತಾಡುವ ರೀತಿಯಲ್ಲಿ ಶುರುವಾಗಿ, ಆಮೇಲೆ ವೆಬ್‌ಗೆ, ಮೊಬೈಲ್‌ಗೆ ಬಂತು. ಹ್ಯೂಸ್ಟನ್‌ನಲ್ಲಿ 474 ಜನರ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಫೋನ್ ಕೊಟ್ಟು, ಕರೆ ಮಾಡಿ ಸಮಾಲೋಚನೆ ಮಾಡಿದರು. ಮೂರು ತಿಂಗಳಲ್ಲಿ ಒಳ್ಳೆಯ ಫಲ ಕಂಡಿತು. ವರ್ಷ ತುಂಬುವ ಹೊತ್ತಿಗೆ ಅದು ಕರಗಿತು. ಕರೆಗಳು ನಿಂತ ಮೇಲೆ ಜನ ಮತ್ತೆ ಒಂಟಿಯಾದರು ಅಂತಲೇ ನಾನು ಇದನ್ನು ಓದುತ್ತೇನೆ.

ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2019ರ ಕಾಕ್ರೇನ್ ವಿಮರ್ಶೆ ಇನ್ನೊಂದು ಮಾತು ಹೇಳಿತು. ಬಿಡಲು ಸಹಾಯ ಮಾಡುವ ಮೊಬೈಲ್ ಮೆಸೇಜ್‌ಗಳು ಕೆಲಸ ಮಾಡುತ್ತವೆ. ಆ್ಯಪ್‌ಗಳ ಬಗ್ಗೆ ಅಷ್ಟು ಗಟ್ಟಿ ಪುರಾವೆ ಆಗ ಇರಲಿಲ್ಲ. ಹಾಗಾಗಿ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ಆ್ಯಪ್, ಮನುಷ್ಯರ ಮಾತು, ಬೇಕಿದ್ದರೆ ಔಷಧಿ, ಮೂರನ್ನೂ ಜೋಡಿಸಿಕೊಳ್ಳಿ.

ಯಾವ ಆ್ಯಪ್ ಹಾಕಿಕೊಳ್ಳಲಿ?

ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ತಂಬಾಕು ಬಿಡುವವರಿಗೆ ಕ್ವಿಟ್ ಟೊಬ್ಯಾಕೊ ಅನ್ನುವ ಆ್ಯಪ್ ಮಾಡಿದೆ. ಅದರ ಅನುಕೂಲ ಏನೆಂದರೆ, ಸಿಗರೇಟು ಮಾತ್ರವಲ್ಲ, ಜಗಿಯುವ ತಂಬಾಕನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಸ್ಮೋಕ್ ಫ್ರೀ, ಕ್ವಿಟ್‌ನೌ, ಕ್ವಿಟ್‌ಸ್ಟಾರ್ಟ್ ಕೂಡ ಹೆಸರಾದವು. ಹಾಕಿಕೊಳ್ಳುವ ಮುಂಚೆ ಪ್ಲೇ ಸ್ಟೋರ್‌ನಲ್ಲಿ ಯಾರು ಮಾಡಿದ್ದು, ದುಡ್ಡು ಕೇಳುತ್ತದೆಯಾ, ಡೇಟಾ ಯಾರಿಗೆ ಕೊಡುತ್ತದೆ ಅಂತ ಓದಿ. "ಏಳು ದಿನದಲ್ಲಿ ಗ್ಯಾರಂಟಿ" ಅಂತಿದ್ದರೆ, ವೇಪ್ (ಇ-ಸಿಗರೇಟು) ಜಾಹೀರಾತು ತೋರಿಸಿದರೆ ಅಲ್ಲೇ ಬಿಟ್ಟುಬಿಡಿ. ಎರಡು ಮೂರು ದಿನ ಬಳಸಿ ನೋಡಿ. ನಿಮಗೆ ತೆರೆಯಬೇಕು ಅನ್ನಿಸುವ ಆ್ಯಪ್ಪೇ ನಿಮಗೆ ಸರಿಯಾದದ್ದು.

ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಇಲ್ಲವಾ?

ಹೆಸರಾದ ಆ್ಯಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಇದು ದೊಡ್ಡ ಕೊರತೆ, ನನಗೆ ಇದರ ಬಗ್ಗೆ ಬೇಸರವಿದೆ. ಕಾಫಿ ತೋಟದಲ್ಲಿ ದುಡಿಯುವವರು, ಆಟೋ ಓಡಿಸುವವರು ತಮ್ಮ ಮಾತಿನಲ್ಲಿ ಸಹಾಯ ಪಡೆಯುವಂತಾಗಬೇಕು. ಅಲ್ಲಿಯವರೆಗೆ ಫೋನಿನಲ್ಲಿ ಮೊದಲೇ ಇರುವ ಸೌಲಭ್ಯಗಳಿಂದಲೇ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು.

ಅಲಾರಂ ತೆರೆಯಿರಿ. ನೀವು ಸೇದುವ ಹೊತ್ತುಗಳಿಗೆ ಐದು ನಿಮಿಷ ಮುಂಚೆ ಅಲಾರಂ ಇಡಿ. ಅದಕ್ಕೆ ಹೆಸರು ಕೊಡುವ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: "ನೀರು ಕುಡಿ", "ಹತ್ತು ನಿಮಿಷ ತಡಿ", "ಪುಟ್ಟಿಯ ಫೀಸು". ನಿಮ್ಮ ಹೆಂಡತಿ, ತಾಯಿ ಅಥವಾ ಮಗಳ ದನಿಯಲ್ಲಿ ಅರ್ಧ ನಿಮಿಷದ ಮಾತು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಚಟ ಎಳೆದಾಗ ಅದನ್ನು ಕೇಳಿ. ಇಂಗ್ಲಿಷ್ ಆ್ಯಪ್ ಬೇಕೇಬೇಕು ಅಂದರೆ ದಿನದ ಲೆಕ್ಕಕ್ಕೂ ದುಡ್ಡಿನ ಲೆಕ್ಕಕ್ಕೂ ಮಾತ್ರ ಬಳಸಿ. ಅಂಕಿ ಓದಲು ಭಾಷೆ ಬೇಕಿಲ್ಲ.

ಕನ್ನಡದಲ್ಲಿ ಮಾತೇ ಬೇಕು ಅಂದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ಬಿಡಲು ಸಹಾಯ ಮಾಡುವ ಫೋನ್ ಲೈನ್ ಇದೆ: 1800-11-2356, ಉಚಿತ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ. ಈ ನಂಬರನ್ನು ಹುಡುಕಬೇಕಿಲ್ಲ, ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ.

ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕೀಪ್ಯಾಡ್ ಫೋನ್ ಇರುವವರು ಏನು ಮಾಡಬೇಕು?

ಬಿಸಿಲೆ ಕಡೆ, ಮೂಡಿಗೆರೆ ಆಚೆ, ಕಳಸದ ಒಳಗೆ ಇರುವವರ ಕಷ್ಟ ಗೊತ್ತು. ಸಿಗ್ನಲ್ ಸಿಗುವ ಜಾಗದಲ್ಲಿ ಆ್ಯಪ್ ಇಳಿಸಿಕೊಂಡು, ಡೇಟಾ ಆಫ್ ಮಾಡಿ ತೆರೆದು ನೋಡಿ. ದಿನದ ಲೆಕ್ಕ, ಉಸಿರಾಟದ ಅಭ್ಯಾಸ ನೆಟ್ ಇಲ್ಲದೆಯೂ ನಡೆದರೆ ಸಾಕು. ಕೀಪ್ಯಾಡ್ ಫೋನ್ ಇರುವವರಿಗೆ ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಎಂ-ಸೆಸೇಶನ್ ಇದೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟು ಹೆಸರು ನೋಂದಾಯಿಸಿದರೆ ಬಿಡಲು ಸಹಾಯ ಮಾಡುವ ಮೆಸೇಜ್ ಬರುತ್ತವೆ. ಕರೆ, ಮೆಸೇಜ್, ಅಲಾರಂ ಈ ಮೂರೂ ಕೀಪ್ಯಾಡ್ ಫೋನಿನಲ್ಲೂ ನಡೆಯುತ್ತವೆ.

ನನ್ನ ಫೋನನ್ನು ಮನೆಯವರೆಲ್ಲ ಮುಟ್ಟುತ್ತಾರೆ. ಎಚ್‌ಐವಿ ವಿಷಯ ಹೊರಬಿದ್ದರೆ?

ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹಳ್ಳಿಯಲ್ಲಿ ಫೋನ್ ಅಂದರೆ ಮನೆಯ ಆಸ್ತಿ. ಮಗ ಆಟ ಆಡುತ್ತಾನೆ, ಭಾವಮೈದುನ ಹಾಡು ಹಾಕುತ್ತಾನೆ, ಪಕ್ಕದ ಲೈನ್ ಮನೆಯವರು ಕರೆ ಮಾಡಲು ಕೇಳುತ್ತಾರೆ. ಹಾಗಾಗಿ ನಿಯಮ ಒಂದೇ: ಬೀಡಿ ಬಿಡುವ ಆ್ಯಪ್‌ಗೆ ನಿಮ್ಮ ಎಚ್‌ಐವಿ ವಿಷಯ ಗೊತ್ತಾಗುವ ಅಗತ್ಯವೇ ಇಲ್ಲ.

ಎಚ್‌ಐವಿಗೆಂದೇ ಮಾಡಿದ ಆ್ಯಪ್ ಹುಡುಕಬೇಡಿ. ಎಲ್ಲರೂ ಬಳಸುವಂಥದ್ದನ್ನೇ ಹಾಕಿ. ಯಾರಾದರೂ ನೋಡಿದರೂ "ಬೀಡಿ ಬಿಡ್ತಾ ಇದ್ದೀನಿ" ಅಂದರೆ ಮುಗಿಯಿತು. ಅದು ಹೆಮ್ಮೆಯ ಮಾತೇ. "ಬೇರೆ ಕಾಯಿಲೆ ಇದೆಯಾ" ಅಂತ ಆ್ಯಪ್ ಕೇಳಿದರೆ ಖಾಲಿ ಬಿಡಿ. ನಿಜವಾದ ಹೆಸರಿನ ಬದಲು ಯಾವುದಾದರೂ ಅಡ್ಡಹೆಸರು ಹಾಕಿ. ಫೋನ್ ನಂಬರ್ ಪಟ್ಟಿ, ಲೊಕೇಶನ್, ಫೋಟೋ ನೋಡಲು ಅನುಮತಿ ಕೇಳಿದರೆ ಬೇಡ ಅನ್ನಿ. ಬೀಡಿಯ ಲೆಕ್ಕ ಇಡಲು ಅವು ಯಾವುವೂ ಬೇಕಿಲ್ಲ. ಲಾಕ್ ಆದ ಸ್ಕ್ರೀನ್ ಮೇಲೆ ನೋಟಿಫಿಕೇಶನ್‌ನ ಒಳಮಾತು ಕಾಣದಂತೆ ಸೆಟ್ಟಿಂಗ್‌ನಲ್ಲಿ ಬದಲಾಯಿಸಿ. ಆ್ಯಪ್ ಒಳಗೆ ಅಪರಿಚಿತರ ಜೊತೆ ಮಾತಾಡುವ ಗುಂಪು ಇದ್ದರೆ ಅಲ್ಲಿ ನಿಮ್ಮ ಊರು, ಆಸ್ಪತ್ರೆ, ಮಾತ್ರೆಯ ಹೆಸರು ಹೇಳಬೇಡಿ. ಎಆರ್‌ಟಿ ಮಾತ್ರೆಗೆ ಅಲಾರಂ ಇಟ್ಟಿದ್ದರೆ ಅದರ ಹೆಸರೂ "ಮಾತ್ರೆ" ಅಂತ ಬೇಡ, "ನೀರು" ಅಂತಿರಲಿ.

ಕ್ವಿಟ್‌ಲೈನ್‌ಗೆ ಕರೆ ಮಾಡಿದರೂ ಎಚ್‌ಐವಿ ವಿಷಯ ಹೇಳಲೇಬೇಕು ಅಂತೇನಿಲ್ಲ. ಔಷಧಿಯ ಮಾತು ಬಂದರೆ ಮಾತ್ರ ಅದನ್ನು ಎಆರ್‌ಟಿ ಡಾಕ್ಟರ ಬಳಿ ಕೇಳಿ. ಕಾನೂನೂ ನಿಮ್ಮ ಕಡೆಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೋರ್ಟ್ ಆದೇಶದಂಥ ಕೆಲವೇ ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ.

ಆ್ಯಪ್ ಸಿಗರೇಟಿನ ಲೆಕ್ಕ ಕೇಳುತ್ತದೆ. ನಾನು ಸೇದುವುದು ಬೀಡಿ. ಬೀಡಿ ಅಷ್ಟು ಕೆಟ್ಟದ್ದಲ್ಲ ಅಲ್ವಾ?

ಬೀಡಿ ಸಣ್ಣದು ಅಂತ ಹಗುರ ಮಾಡಬೇಡಿ. ಅದು ಬೇಗ ಆರಿಹೋಗುತ್ತದೆ, ಅದಕ್ಕೇ ಪದೇ ಪದೇ, ಜೋರಾಗಿ ಎಳೆಯಬೇಕು. ಬೀಡಿ ಹೊಗೆಯಲ್ಲಿ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ ಇರುತ್ತವೆ. ನಮ್ಮ ದೇಶದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೀಡಿ 7.7%, ಸಿಗರೇಟು 4%. ಆ್ಯಪ್ ಮಾಡುವವರು ಇದನ್ನು ಮರೆತಿದ್ದಾರೆ. ನೀವು ಸಿಗರೇಟಿನ ಜಾಗದಲ್ಲಿ ಬೀಡಿಯ ಸಂಖ್ಯೆ ಹಾಕಿ. ಪ್ಯಾಕಿನ ಜಾಗದಲ್ಲಿ ನೀವು ಕೊಳ್ಳುವ ಕಟ್ಟಿನ ಬೆಲೆ ಮತ್ತು ಅದರಲ್ಲಿರುವ ಬೀಡಿಗಳ ಲೆಕ್ಕ ಹಾಕಿ.

ಗುಟ್ಕಾಕ್ಕೋ ವೇಪ್‌ಗೋ ಬದಲಾದರೆ ಆಗುವುದಿಲ್ಲವಾ?

ಆಗುವುದಿಲ್ಲ. ಕಡ್ಡಿಪುಡಿ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ, ಗುಟ್ಕಾ ಎಲ್ಲವೂ ತಂಬಾಕೇ. ಬಾಯಿ ಕ್ಯಾನ್ಸರ್‌ಗೆ ನೇರ ದಾರಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಜಾಸ್ತಿ ಇದ್ದರು. ಇ-ಸಿಗರೇಟಿನ ಮಾರಾಟ ನಮ್ಮ ದೇಶದಲ್ಲಿ 2019ರಿಂದ ನಿಷೇಧ.

ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆ ತಗೊಂಡರೆ ಎಆರ್‌ಟಿಗೆ ತೊಂದರೆಯಾಗುತ್ತದಾ?

ನಿಕೋಟಿನ್ ಗಮ್‌ಗೂ ಎಆರ್‌ಟಿ ಮಾತ್ರೆಗೂ ಜಗಳವಿಲ್ಲ. 2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಚಟ ಗಟ್ಟಿಯಾಗಿ ಹಿಡಿದಿದೆ ಅಂತ ಅರ್ಥ. ಅವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಡಾಕ್ಟರನ್ನು ಕೇಳಿ. ಗಮ್ಮನ್ನು ಬಬಲ್ ಗಮ್‌ನಂತೆ ಅಗಿಯುತ್ತಾ ಇರಬಾರದು. ನಿಧಾನ ಅಗಿಯಿರಿ. ಚುರುಗುಟ್ಟಿದ ಕೂಡಲೇ ಕೆನ್ನೆಯ ಪಕ್ಕ ಒತ್ತಿಡಿ. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಕಾಫಿ, ಟೀ, ಜ್ಯೂಸ್ ಬೇಡ, ಕುಡಿದರೆ ನಿಕೋಟಿನ್ ಸರಿಯಾಗಿ ಒಳಗಿಳಿಯುವುದಿಲ್ಲ. ಎಷ್ಟೋ ಜನ "ಗಮ್ ಕೆಲಸ ಮಾಡಲಿಲ್ಲ" ಅನ್ನುವುದು ಈ ಎರಡು ಕಾರಣಕ್ಕೆ.

ವರೆನಿಕ್ಲಿನ್ ಅನ್ನುವ ಮಾತ್ರೆ ಡಾಕ್ಟರ ಚೀಟಿಯ ಮೇಲೆ ಸಿಗುತ್ತದೆ. ಎಚ್‌ಐವಿ ಇರುವ 248 ಜನರ ಮೇಲೆ ಫ್ರಾನ್ಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ತಗೊಂಡವರಲ್ಲಿ 15% ಜನ ಒಂಬತ್ತನೇ ವಾರದಿಂದ ನಲವತ್ತೆಂಟನೇ ವಾರದವರೆಗೆ ಒಂದೂ ಸೇದದೆ ಉಳಿದರು. ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಲ್ಲಿ 6%. ವಾಕರಿಕೆ, ವಿಚಿತ್ರ ಕನಸು ಬರಬಹುದು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಬುಪ್ರೊಪಿಯಾನ್ ಅನ್ನುವ ಇನ್ನೊಂದು ಮಾತ್ರೆ ಇದೆ. ಎಫಾವಿರೆಂಜ್ ಅಥವಾ ರಿಟೊನಾವಿರ್ ಇರುವ ಎಆರ್‌ಟಿ ತಗೊಳ್ಳುವವರಲ್ಲಿ ಅದರ ಬಲ ತಗ್ಗುತ್ತದೆ. ಫಿಟ್ಸ್ ಇದ್ದವರಿಗೆ ಅದು ಬೇಡ. ಹಾಗಾಗಿ ಯಾವ ಮಾತ್ರೆಯಾದರೂ ಎಆರ್‌ಟಿ ಪುಸ್ತಕ ತೋರಿಸಿಯೇ ಬರೆಸಿಕೊಳ್ಳಿ.

ಬೀಡಿ ಬಿಟ್ಟ ಮೇಲೆ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಮಾತ್ರೆಯ ದೋಷವಾ?

ಕಾಫಿ ಸೀಮೆಯವರು ಇದನ್ನು ಓದಲೇಬೇಕು. ಹೊಗೆಯಲ್ಲಿರುವ ಕೆಲವು ವಸ್ತುಗಳು ಲಿವರ್ ಕಾಫಿಯ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತರೆ ಆ ವೇಗ ಇಳಿಯುತ್ತದೆ. ಕುಡಿಯುವುದು ಅಷ್ಟೇ ಲೋಟ, ಆದರೆ ರಕ್ತದಲ್ಲಿ ಉಳಿಯುವ ಕೆಫೀನ್ ಜಾಸ್ತಿ. ಎದೆ ಬಡಿತ, ನಡುಕ, ಸಿಡುಕು, ನಿದ್ದೆಗೇಡು ಬರುತ್ತವೆ. ಜನ ಇದನ್ನು "ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು" ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಇನ್ನೂ ಕೆಟ್ಟದೆಂದರೆ, ಎಆರ್‌ಟಿ ಮಾತ್ರೆಯನ್ನು ದೂರಿ ಅದನ್ನೇ ನಿಲ್ಲಿಸುತ್ತಾರೆ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಬಿಡುವ ದಿನದಿಂದ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಸಂಜೆಯ ಮೇಲೆ ಕುಡಿಯಬೇಡಿ.

ಅಸ್ತಮಾಗೆ ಥಿಯೋಫಿಲಿನ್ ಇರುವ ಮಾತ್ರೆ ಅಥವಾ ಮನಸ್ಸಿನ ಕಾಯಿಲೆಗೆ ಒಲಾಂಜಪಿನ್, ಕ್ಲೋಜಪಿನ್ ತಗೊಳ್ಳುವವರಿಗೂ ಇದೇ ಕಾರಣಕ್ಕೆ ಡೋಸ್ ಬದಲಿಸಬೇಕಾಗಬಹುದು. ಬಿಡುವ ಮುಂಚೆಯೇ ಡಾಕ್ಟರಿಗೆ ತಿಳಿಸಿ.

ಮೊದಲ ವಾರ ಹೇಗೆ ದಾಟುವುದು?

ಕಷ್ಟ ಹೆಚ್ಚಿರುವುದು ಮೊದಲ ಎರಡು ಮೂರು ದಿನ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಬಟವಾಡೆ ದಿನ, ಸಂತೆ ದಿನ, ಮದುವೆ ಮನೆ ಇರುವ ವಾರ ಬಿಟ್ಟು ಬೇರೆ ದಿನ ಆರಿಸಿ.

ನಾನು ಎಲ್ಲರಿಗೂ ಹೇಳುವ ಒಂದು ಉಪಾಯವಿದೆ. ನೀವು ಎಷ್ಟೋ ಕಾಲದಿಂದ ದಿನಾ ಒಂದೇ ಹೊತ್ತಿಗೆ ಮಾತ್ರೆ ನುಂಗುತ್ತಿದ್ದೀರಿ. ಮಳೆ ಬಂದರೂ, ನೆಂಟರ ಮನೆಯಲ್ಲಿದ್ದರೂ ತಪ್ಪಿಸಿಲ್ಲ. ಆ್ಯಪ್ ಕೇಳುವ ಶಿಸ್ತು ಇದೇ. ಬೇರೆ ಸೇದುವವರು ಇದನ್ನು ಹೊಸದಾಗಿ ಕಲಿಯಬೇಕು, ನಿಮಗೆ ಮೊದಲೇ ಬರುತ್ತದೆ. ಮಾತ್ರೆ ನುಂಗಿದ ಕೂಡಲೇ ಆ್ಯಪ್ ತೆರೆದು ಆ ದಿನದ ಲೆಕ್ಕ ಹಾಕಿ. ಎರಡು ಕೆಲಸ ಒಂದಕ್ಕೊಂದು ಅಂಟಿಕೊಂಡರೆ ಎರಡೂ ನಿಲ್ಲುತ್ತವೆ.

ಚಟ ಎಳೆದಾಗ ಬಟನ್ ಒತ್ತಿ. ಜಾಗ ಬದಲಿಸಿ. ಪೆಟ್ಟಿಗೆ ಅಂಗಡಿಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ. ಬಾಯಿಗೆ ಲವಂಗ, ಏಲಕ್ಕಿ, ಹುರಿಗಡಲೆ ಹಾಕಿ. ಬೆಂಕಿಪೊಟ್ಟಣವನ್ನು ಜೇಬಿನಿಂದ ತೆಗೆದಿಡಿ.

ಪುಷ್ಯ ಮಳೆಯಲ್ಲಿ ತೋಟದಲ್ಲಿ ನಿಂತರೆ ಚಳಿಗೆ ಬೀಡಿ ಬೇಕೇ ಬೇಕು. ಆಗ?

ಬೀಡಿ ಮೈ ಬೆಚ್ಚಗೆ ಮಾಡುವುದಿಲ್ಲ. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೈಬೆರಳು ಇನ್ನೂ ತಣ್ಣಗಾಗುತ್ತವೆ. ಬೆಚ್ಚಗೆ ಅನ್ನಿಸುವುದು ಚಟ ತೀರಿದ ನೆಮ್ಮದಿ. ಫ್ಲಾಸ್ಕ್‌ನಲ್ಲಿ ಬಿಸಿ ನೀರು ಅಥವಾ ಶುಂಠಿ ಕಷಾಯ ತಗೊಂಡು ಹೋಗಿ. ಜೊತೆಯವರು ಬೀಡಿ ಹಚ್ಚುವ ಹೊತ್ತಿಗೆ ನೀವು ಅದನ್ನು ಬಗ್ಗಿಸಿಕೊಳ್ಳಿ.

ಒಂದು ಸೇದಿಬಿಟ್ಟೆ. ಆ್ಯಪ್ "ಮತ್ತೆ ಸೊನ್ನೆಯಿಂದ ಶುರು" ಅನ್ನುತ್ತಿದೆ.

ಆ ಸೊನ್ನೆ ನೋಡಿ ಎದೆಗುಂದಿ ಆ್ಯಪ್ಪನ್ನೇ ತೆಗೆದವರು ಬಹಳ. ಹನ್ನೆರಡು ದಿನ ಸೇದದೆ ಇದ್ದದ್ದು ಒಂದು ಬೀಡಿಯಿಂದ ಅಳಿಸಿಹೋಗುವುದಿಲ್ಲ. ಆ ಹನ್ನೆರಡು ದಿನ ನಿಮ್ಮ ಶ್ವಾಸಕೋಶಕ್ಕೆ ಸಿಕ್ಕಾಗಿದೆ. ಒಂದು ದಿನ ಎಆರ್‌ಟಿ ಮಾತ್ರೆ ಮರೆತರೆ ಏನು ಮಾಡುತ್ತೀರಿ? ಚಿಕಿತ್ಸೆಯನ್ನೇ ಬಿಡುತ್ತೀರಾ? ನೆನಪಾದ ಕೂಡಲೇ ಮುಂದುವರಿಸುತ್ತೀರಿ. ಇಲ್ಲೂ ಅದೇ. ಎಲ್ಲಿ, ಯಾರ ಜೊತೆ, ಯಾಕೆ ಸೇದಿದಿರಿ ಅಂತ ಒಂದು ಸಾಲು ಬರೆದುಕೊಳ್ಳಿ. ಉಳಿದ ಕಟ್ಟನ್ನು ನೀರಿಗೆ ಹಾಕಿ. ಮುಂದಿನ ಬೀಡಿ ಹಚ್ಚಬೇಡಿ.

ಹೆಚ್ಚಿನ ಜನ ಜಾರುವುದು ಕುಡಿದಾಗ. ಮೊದಲ ಒಂದು ತಿಂಗಳಾದರೂ ಎಣ್ಣೆ ಪಾರ್ಟಿಯಿಂದ ದೂರ ಇರಿ. ಇನ್ನು ಕೆಲವರು ಜಾರುವುದು ಮನಸ್ಸು ಕುಸಿದಾಗ. ಬದುಕೇ ಬೇಡ ಅನ್ನಿಸುವಷ್ಟು ಬೇಸರವಿದ್ದರೆ ಆ್ಯಪ್ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.

ಹೆಂಗಸರಿಗೆ ಬೇರೆ ಏನಾದರೂ ಹೇಳಬೇಕಾ?

ಹೌದು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಂಭವ ಬೇರೆಯವರಿಗಿಂತ ಆರು ಪಟ್ಟು ಜಾಸ್ತಿ. ಸೇದುವುದು ಅದನ್ನು ಇನ್ನೂ ಏರಿಸುತ್ತದೆ. ತಪಾಸಣೆ ಆಗಿದೆಯಾ ಅಂತ ಎಆರ್‌ಟಿ ಸೆಂಟರ್‌ನಲ್ಲಿ ಕೇಳಿ. ಕದ್ದು ಸೇದುವ, ಕದ್ದು ಕಡ್ಡಿಪುಡಿ ಹಾಕುವ ಅಕ್ಕಂದಿರು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒದ್ದಾಡುತ್ತಾರೆ. ಅವರಿಗೆ ಫೋನೇ ದೊಡ್ಡ ಆಸರೆ. ಬಸುರಿಯಾಗಿದ್ದರೆ ಔಷಧಿಯನ್ನು ಸ್ವಂತವಾಗಿ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.

ನಮ್ಮದು ರಾಮನಾಥಪುರದ ಕಡೆ. ಹೊಗೆಸೊಪ್ಪು ಬೆಳೆದೇ ಬದುಕುವವರು. ನಾವೇ ಬಿಡಿ ಅಂದರೆ?

ರಾಮನಾಥಪುರದ ಹರಾಜು ಕಟ್ಟೆಗೆ ಬೇಲ್ ಹೊತ್ತುಕೊಂಡು ಹೋಗುವ ರೈತರ ಮೇಲೆ ನನಗೆ ಗೌರವವಿದೆ. ಬೆಳೆಯುವುದು ಹೊಟ್ಟೆಪಾಡು, ಸೇದುವುದು ಬೇರೆ ಮಾತು. ಬೆಳೆ ಬದಲಿಸುವವರೆಗೆ ಕಾಯಬೇಕಿಲ್ಲ. ಹಸಿ ಎಲೆ ಕೀಳುವಾಗ, ಅದರಲ್ಲೂ ಒದ್ದೆ ಎಲೆಯಿಂದ, ಚರ್ಮದ ಮೂಲಕ ನಿಕೋಟಿನ್ ಒಳಗಿಳಿದು ತಲೆಸುತ್ತು, ವಾಂತಿ ಬರುವುದುಂಟು. ಕೈಗವಸು, ತುಂಬು ತೋಳಿನ ಅಂಗಿ ಹಾಕಿ. ಎಲೆ ಕೀಳುವ ದಿನಗಳಲ್ಲಿ ನಿಕೋಟಿನ್ ಗಮ್ ಬಳಸುವುದಿದ್ದರೆ ಡಾಕ್ಟರಿಗೆ ಇದನ್ನು ಹೇಳಿ.

ಮನೆಯವರು ಏನು ಮಾಡಬಹುದು?

ದಿನಾ "ಸೇದಿದೆಯಾ?" ಅಂತ ವಿಚಾರಣೆ ಮಾಡಬೇಡಿ. ಉಳಿದ ದುಡ್ಡನ್ನು ಕಣ್ಣಿಗೆ ಕಾಣುವ ಡಬ್ಬಿಗೆ ಹಾಕಿ. ಮನೆಯಲ್ಲಿ ಇನ್ನೊಬ್ಬರು ಸೇದುವವರಿದ್ದರೆ ಜೊತೆಯಲ್ಲೇ ಬಿಡಿ, ಆಗದಿದ್ದರೆ ಮನೆಯ ಹೊರಗೆ ಸೇದಲಿ. ಸಿಡುಕಿದರೆ ಎರಡು ವಾರ ಸಹಿಸಿಕೊಳ್ಳಿ.

ಮುಂದಿನ ಸಲ ಎಆರ್‌ಟಿ ಸೆಂಟರ್‌ಗೆ ಹೋದಾಗ ಏನು ಕೇಳಲಿ?

ಮಾತ್ರೆ ತಗೊಂಡು ಬಸ್ಸಿಗೆ ಓಡಬೇಡಿ. ಹಾಸನದ ಹಿಮ್ಸ್ ಆಸ್ಪತ್ರೆಗೆ ಬರುವವರಾದರೂ, ತಾಲ್ಲೂಕು ಆಸ್ಪತ್ರೆಯ ಲಿಂಕ್ ಸೆಂಟರ್‌ನಲ್ಲಿ ತಗೊಳ್ಳುವವರಾದರೂ ಆಪ್ತಸಮಾಲೋಚಕರ ಮುಂದೆ ಹತ್ತು ನಿಮಿಷ ಕೂರಿ. "ನಾನು ಬೀಡಿ ಬಿಡಬೇಕು" ಅಂತ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳಲಿ ಅಂತ ಕಾಯಬೇಡಿ, ಸಾಲಿನಲ್ಲಿ ಇನ್ನೂ ಎಷ್ಟೋ ಜನ ಇರುತ್ತಾರೆ. ನಿಮ್ಮ ಆ್ಯಪ್ ಅಥವಾ ಅಲಾರಂ ತೋರಿಸಿ, ವಾರದ ಲೆಕ್ಕ ಓದಿ ಹೇಳಿ. ಗಮ್ ಬೇಕಾ, ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ತಂಬಾಕು ಬಿಡಿಸುವ ಸಮಾಲೋಚನೆ ಆಸ್ಪತ್ರೆಯಲ್ಲಿ ಯಾವ ಕೋಣೆಯಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಮಾಡಿಸಿ. ಟಿಬಿ ಬಾರದಂತೆ ಕೊಡುವ ಮಾತ್ರೆ ನಿಮಗೆ ಆಗಿದೆಯಾ ಅಂತ ಪುಸ್ತಕದಲ್ಲಿ ನೋಡಿಸಿ. ಸೆಂಟರ್ ಸಮಯ, ಎಆರ್‌ಟಿ ಬಗ್ಗೆ ಏನೇ ಗೊಂದಲ ಇದ್ದರೂ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮತ್ತು ಮುಂದಿನ ಭೇಟಿಗೆ ಕಾಯದೆ, ಬಿಟ್ಟ ಮೂರನೇ ದಿನಕ್ಕೆ ಒಂದು ಕರೆ ಮಾಡುವಿರಾ ಅಂತ ಸಮಾಲೋಚಕರನ್ನೇ ಕೇಳಿ, ಅವರು ಹ್ಞೂಂ ಅಂದರೆ ಆ ದಿನಾಂಕವನ್ನು ಅಲ್ಲೇ ಫೋನಿಗೆ ಹಾಕಿಕೊಳ್ಳಿ.